ಮೂಗು ಮೇಸ್ತ್ರಿಯ ಕೊನೆಯ ಸುತ್ತು

ಗ್ಯಾಸಿನ ಕೆಲಸಕ್ಕೆ ಜನ ಬೇಕೆಂದರೆ ಆ ಊರಿನಲ್ಲಿ ಹತ್ತಾರು ಮಂದಿ ಸಿಗುತ್ತಿದ್ದರು, ಮೂಗು ಮೇಸ್ತ್ರಿ ಮಾತ್ರ ಒಬ್ಬನೇ. ಉಳಿದವರು ಪೈಪು ಕೂರಿಸಿ, ವಾಲ್ವು ತಿರುಗಿಸಿ, ಕೈ ಒರೆಸಿಕೊಂಡು ಹೊರಟುಬಿಡುತ್ತಿದ್ದರು. ಇವನು ಹಾಗೆ ಹೊರಡುವ ಆಸಾಮಿಯಲ್ಲ. ಕೆಲಸವೆಲ್ಲ ಮುಗಿದ ಮೇಲೆ ಚಪ್ಪಲಿ ಬಿಟ್ಟು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗಲ್ಲ ತುಸು ಮೇಲೆತ್ತಿ, ಮನೆಯಲ್ಲೆಲ್ಲ ಒಂದು ಸುತ್ತು ಹಾಕುತ್ತಿದ್ದ. ಅಡುಗೆಮನೆ, ಹಜಾರ, ಮೆಟ್ಟಿಲ ಕೆಳಗಿನ ಕತ್ತಲೆ ಮೂಲೆ, ಬಚ್ಚಲು, ಯಾವುದನ್ನೂ ಬಿಡುತ್ತಿರಲಿಲ್ಲ. ಮನೆಯವರು ಮಾತು ನಿಲ್ಲಿಸಿ ಅವನ ಹಿಂದೆ ಹಿಂದೆ ಬರುತ್ತಿದ್ದರು. ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಮನೆ ಚೊಕ್ಕ" ಎನ್ನುತ್ತಿದ್ದ. ಎರಡೇ ಮಾತು. ಅದನ್ನು ಕೇಳಿದ ಮೇಲೆಯೇ ಆ ಮನೆಯವರು ಒಲೆ ಹಚ್ಚುತ್ತಿದ್ದದ್ದು.

ಹೆಸರೇನೂ ಪುಕ್ಕಟೆ ಬಂದದ್ದಲ್ಲ. ಹಿಂದೊಮ್ಮೆ ಸ್ಕೂಟರಿನಲ್ಲಿ ಒಂದು ಬೇಕರಿಯ ಮುಂದೆ ಹಾದುಹೋಗುತ್ತಿದ್ದವನು ಗಕ್ಕನೆ ಬ್ರೇಕು ಹಾಕಿ, ಸೀದಾ ಒಳಗೆ ನುಗ್ಗಿ, "ನಿಮ್ಮ ಎರಡನೇ ಓವನ್ ಹಿಂದೆ ಸೋರ್ತಿದೆ, ನೋಡ್ಕೊಳ್ಳಿ" ಎಂದಿದ್ದ. ಮಾಲೀಕ ನಕ್ಕ. ಓವನ್ ಸರಿಸಿ ನೋಡಿದ ಮೇಲೆ ನಗು ನಿಂತಿತು. ಅಂಗಡಿಯ ತುಂಬ ಬ್ರೆಡ್ಡಿನ ಘಮ, ಬೆಣ್ಣೆಯ ಘಮ, ಸಕ್ಕರೆ ಕರಗುವ ಘಮ. ಅಷ್ಟರ ನಡುವೆ ಕೂದಲೆಳೆಯಷ್ಟು ಗ್ಯಾಸನ್ನು ರಸ್ತೆಯಲ್ಲೇ ಹಿಡಿದಿತ್ತು ಆ ಮೂಗು. ಅವತ್ತಿನಿಂದ ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಅವನನ್ನು ಯಾರೂ ಕರೆದದ್ದಿಲ್ಲ.

ಅಂಥ ಮೂಗು ಸತ್ತು ನಾಲ್ಕು ತಿಂಗಳಾಗಿತ್ತು.

ಒಂದು ವಾರ ಜ್ವರ ಬಂತು, ನೆಗಡಿ ಬಂತು. ಎಂಟನೇ ದಿನ ಎರಡೂ ಹೋದವು, ಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋದವು. ಅವನು ಅಡುಗೆಮನೆಯಲ್ಲೇ ಕೂತು ಪೇಪರ್ ಓದುತ್ತಿದ್ದಾಗ ಪಕ್ಕದ ಒಲೆಯ ಮೇಲೆ ಹಾಲು ಉಕ್ಕಿ, ಸೀದು, ಪಾತ್ರೆ ಕರಕಲಾಗಿತ್ತು. ಹಿತ್ತಲಿನಿಂದ ಓಡಿಬಂದ ಹೆಂಡತಿ, "ರೀ, ಪಕ್ಕದಲ್ಲೇ ಕೂತಿದ್ದೀರಲ್ರೀ!" ಎಂದು ಕೂಗಿದಾಗ ಅವನು ಪೇಪರಿನಿಂದ ತಲೆಯೆತ್ತಿ ಹೊಗೆಯನ್ನು ಕಣ್ಣಲ್ಲಿ ನೋಡಿದ. ಆಗಲೇ ಇಬ್ಬರಿಗೂ ಗೊತ್ತಾದದ್ದು. ಬರಬಹುದು, ಬರದೇ ಇರಬಹುದು, ಕಾಯಿರಿ ಎಂದರು ಡಾಕ್ಟರು. ನಾಲಿಗೆಗೂ ಉಪ್ಪು, ಹುಳಿ, ಖಾರ ಇಷ್ಟೇ ಉಳಿದಿದ್ದವು.

ವಿಷಯ ಗೊತ್ತಿದ್ದದ್ದು ಮೂವರಿಗೆ: ಅವನಿಗೆ, ಹೆಂಡತಿಗೆ, ಡಾಕ್ಟರಿಗೆ. ಹೆಂಡತಿ ದಿನಾ ಬೆಳಿಗ್ಗೆ ಅವನ ಊಟದ ಡಬ್ಬಿ ಕಟ್ಟುವಾಗ ಒಂದು ಸಲ ಮೂಸಿ ನೋಡಿ ಮುಚ್ಚಳ ಹಾಕುತ್ತಿದ್ದಳು. ದಿನಾ ಅದೇ ಮಾತು ಹೇಳುತ್ತಿದ್ದಳು.

"ಹೇಳ್ಬಿಡಿ ಜನಕ್ಕೆ."

"ಏನಂತ ಹೇಳ್ಲಿ? ಮೂಗು ಮೇಸ್ತ್ರಿಗೆ ಮೂಗಿಲ್ಲ ಅಂತ ಬೋರ್ಡ್ ಬರೆಸ್ಲಾ? ಮಾರನೇ ದಿನದಿಂದ ನಾನು ನೀನು ಮುಖ ಮುಖ ನೋಡ್ಕೊಂಡು ಕೂತಿರ್ಬೇಕಾಗುತ್ತೆ."

ಹಾಗಂತ ಅವನು ಮೋಸಗಾರನೇನಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಮೂಗು ಹೋದ ವಾರದಲ್ಲೇ ಹೊಸ ಪ್ರೆಶರ್ ಗೇಜು ತಂದ. ತಾನು ಹಾಕಿದ ಪ್ರತಿ ಪೈಪಿಗೂ ಗಾಳಿ ತುಂಬಿ, ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ಬೇರೆಯವರು ಹತ್ತು ನಿಮಿಷ ಕಾದರೆ ಇವನು ಇಪ್ಪತ್ತೈದು ನಿಮಿಷ ಕಾಯುತ್ತಿದ್ದ. ಪ್ರತಿ ಜಾಯಿಂಟಿಗೂ ಬ್ರಷ್ಷಿನಲ್ಲಿ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಿದ್ದ. ಅದೆಲ್ಲ ಆದ ಮೇಲೆ ಕೈ ಹಿಂದೆ ಕಟ್ಟಿ ಹಳೇ ಸುತ್ತು ಹಾಕುತ್ತಿದ್ದನಲ್ಲ, ಅದೊಂದು ನಾಟಕ. ನಾಲ್ಕು ತಿಂಗಳು, ಮೂವತ್ತೊಂದು ಮನೆ, ಒಂದೇ ಒಂದು ದೂರಿಲ್ಲ. ಮೊದಮೊದಲು ಎದೆ ಡವಡವ ಎನ್ನುತ್ತಿತ್ತು, ಈಗ ಅದೂ ನಿಂತಿತ್ತು. ಮೂಗು ಯಾರಿಗೆ ಬೇಕು, ಕೈ ನೆಟ್ಟಗಿದ್ದರೆ ಸಾಕು ಎಂಬಷ್ಟು ಧೈರ್ಯ ಬಂದಿತ್ತು. ಸ್ವಲ್ಪ ಜಂಬವೂ ಬಂದಿತ್ತೆಂದರೆ ತಪ್ಪಲ್ಲ.

ಹೀಗಿರುವಾಗ ಒಂದು ಶನಿವಾರ ಬೆಳಿಗ್ಗೆ ಅವನ ಸ್ಕೂಟರು ಹಸಿರು ಗೇಟಿನ ಒಂದು ಮನೆಯ ಮುಂದೆ ನಿಂತಿತು.

ಆ ಮನೆಯ ಹಿತ್ತಲಿನಲ್ಲಿ ನಾಲ್ಕು ಬರ್ನರಿನ ಗ್ಯಾಸ್ ಗ್ರಿಲ್ಲೊಂದು ಎರಡು ತಿಂಗಳಿಂದ ಪ್ಲಾಸ್ಟಿಕ್ ಹೊದ್ದು ನಿಂತಿತ್ತು. ತಂದವನು ದೊಡ್ಡ ಮಗ. ಜೋಡಿಸಬಾರದೆಂದು ತಡೆದವಳು ಅವನ ತಾಯಿ, ಎಪ್ಪತ್ತರ ಹಿರಿಯಮ್ಮ. ಮೂಗು ಮೇಸ್ತ್ರಿ ಬಂದು ಹಾಕಬೇಕು, ಮೂಗು ಮೇಸ್ತ್ರಿ ಸುತ್ತು ಹಾಕಿ ಮಾತು ಹೇಳಬೇಕು, ಅಲ್ಲಿಯವರೆಗೆ ಅದನ್ನು ಯಾರೂ ಮುಟ್ಟಬಾರದು. ಅಷ್ಟು ಹಟಕ್ಕೆ ಕಾರಣವಿತ್ತು. ಚಿಕ್ಕವಳಿದ್ದಾಗ ಎದುರು ಮನೆಯ ಅಡುಗೆಮನೆ ಸಿಡಿದದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು.

"ಕಿಟಕಿಗೆ ಕಿಟಕಿನೇ ಹಾರಿ ಬಂದು ರಸ್ತೇಲಿ ಬಿದ್ದಿತ್ತು ಮೇಸ್ತ್ರಿ, ಪರದೆ ಸಮೇತ. ಪರದೇಲಿದ್ದ ಹೂವು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ," ಎಂದು ಬಾಗಿಲಲ್ಲೇ ಹೇಳಿದಳು. "ಅವತ್ತಿಂದ ನಾನು ಗ್ಯಾಸ್ ಜೊತೆ ಬಹುವಚನದಲ್ಲೇ ಮಾತಾಡೋದು."

"ಒಳ್ಳೇದೇ ಅಮ್ಮ. ನಾನೂ ಅದಕ್ಕೆ ಮರ್ಯಾದೆ ಕೊಟ್ಟೇ ಅನ್ನ ತಿಂತಿರೋದು," ಎಂದ ಮೇಸ್ತ್ರಿ.

"ನಾಳೆ ಮಧ್ಯಾಹ್ನ ಇಪ್ಪತ್ತು ಜನ ಬರ್ತಾರೆ. ನೀವು ಮಾತು ಹೇಳಿದ್ರೆ ಹಚ್ತೀನಿ. ಹೇಳದಿದ್ರೆ ಆ ಡಬ್ಬಾನ ಹೂವಿನ ಕುಂಡ ಮಾಡ್ತೀನಿ."

"ಅಮ್ಮಾ, ಅದು ಡಬ್ಬಾ ಅಲ್ಲ!" ಎಂದು ಹಿತ್ತಲಿನಿಂದ ದೊಡ್ಡ ಮಗನ ದನಿ ಬಂತು.

ಹಜಾರದ ಕಿಟಕಿಗೆ ಮೂಗು ಚಾಚಿಕೊಂಡು, ಬಾಯಿಗೆ ಕರವಸ್ತ್ರ ಒತ್ತಿಕೊಂಡು ಇನ್ನೊಬ್ಬಳು ಕೂತಿದ್ದಳು. ಕಿರಿಯ ಸೊಸೆ. ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ಮೂರು ತಿಂಗಳ ಬಸುರಿ.

"ಅವಳ ಮಾತಿಗೆ ಏನೂ ಅಂದ್ಕೋಬೇಡಿ," ಎಂದಳು ಹಿರಿಯಮ್ಮ ದನಿ ತಗ್ಗಿಸಿ, ಆದರೆ ಸೊಸೆಗೆ ಕೇಳುವಷ್ಟು. "ಅವಳಿಗೀಗ ಜಗತ್ತೆಲ್ಲ ನಾತ. ಅಕ್ಕಿ ಡಬ್ಬ ನಾತ, ಭಾವನ ಬೆಲ್ಟು ನಾತ. ಮೊನ್ನೆ ಕನ್ನಡಿ ವಾಸನೆ ಬರುತ್ತೆ ಅಂದ್ಲು. ಕನ್ನಡಿ, ಮೇಸ್ತ್ರಿ!"

"ಬರ್ತಿತ್ತು ಅತ್ತೆ," ಎಂದಳು ಸೊಸೆ ಕರವಸ್ತ್ರದೊಳಗಿಂದ.

"ಬಂತಮ್ಮ, ಬಂತು," ಎಂದು ಹಿರಿಯಮ್ಮ ಕೈಯಾಡಿಸಿ ಒಳಗೆ ಹೋದಳು. ಮೇಸ್ತ್ರಿಗೆ ಆ ಹುಡುಗಿಯನ್ನು ಕಂಡು ಒಳಗೊಳಗೇ ಹೊಟ್ಟೆಕಿಚ್ಚಾಯಿತು.

ಕೆಲಸ ಶುರುವಾಯಿತು. ಬೀದಿಯ ಪೈಪಿನಿಂದ ಬರುವ ಗ್ಯಾಸಿನ ಮೀಟರು ಮನೆಯ ಹೊರಗೋಡೆಯ ಮೇಲಿತ್ತು. ಅಲ್ಲಿಂದ ಹಳೆಯ ಪೈಪು ಗೋಡೆಯೊಳಕ್ಕೆ ನುಗ್ಗಿ, ಅಡುಗೆಮನೆಯ ಎತ್ತರದ ಬೀರುವಿನ ಹಿಂದಿನಿಂದ ಹಾದು, ಒಲೆಯ ಹತ್ತಿರ ಹೊರಬರುತ್ತಿತ್ತು. ಬೀರು ಮುಗಿಯುವ ಕಡೆ ಹಳೆಯ ಪೈಪಿಗೆ ಕವಲು ಕೊಟ್ಟು, ಒಂದು ಹೊಸ ವಾಲ್ವು ಕೂರಿಸಿ, ಗೋಡೆ ಕೊರೆದು ಹಿತ್ತಲಿಗೆ ಹೊಸ ಪೈಪು ಎಳೆಯಬೇಕು. ಮೇಸ್ತ್ರಿಗೆ ಇದು ಕಣ್ಣು ಮುಚ್ಚಿ ಮಾಡುವ ಕೆಲಸ.

ದೊಡ್ಡ ಮಗ ಗ್ರಿಲ್ಲಿನ ಜೊತೆ ಬಂದ ಪುಸ್ತಕ ಹಿಡಿದು ಹಿಂದೆ ಮುಂದೆ ಸುತ್ತುತ್ತಿದ್ದ. ಮನುಷ್ಯ ಕೆಟ್ಟವನಲ್ಲ, ಬಾಯಿ ಮಾತ್ರ ಒಂದು ನಿಮಿಷ ಸುಮ್ಮನಿರದು.

"ಇಲ್ಲೇ ತಗಡಿನ ಚಾವಣಿ ಕೆಳಗಿಡೋಣ ಮೇಸ್ತ್ರಿ. ಮಳೆ ಬಂದ್ರೂ ನೆನೆಯಲ್ಲ."

"ಗ್ರಿಲ್ ನೆನೆಯಲ್ಲ, ತಗಡು ಬೇಯುತ್ತೆ. ಅದರ ಮೇಲಿರೋ ನಿಮ್ಮ ಮಾಳಿಗೆ ಕಿಟಕಿನೂ ಬೇಯುತ್ತೆ. ಆ ಕಡೆ ಬಯಲಲ್ಲಿರ್ಲಿ."

"ಪುಸ್ತಕದಲ್ಲಿ ಮೂರು ಅಡಿ ಬಿಟ್ರೆ ಸಾಕು ಅಂತಿದೆ."

"ಪುಸ್ತಕ ಬರೆದವರು ನಿಮ್ಮ ತಗಡು ನೋಡಿಲ್ಲ."

ದೊಡ್ಡ ಮಗ ಪುಸ್ತಕ ಮಡಚಿ ಕಂಕುಳಲ್ಲಿಟ್ಟುಕೊಂಡ. ಗ್ರಿಲ್ಲು ಬಯಲಿಗೆ ಹೋಯಿತು.

ಕವಲು ಕೂರಿಸುವ ಹೊತ್ತಿಗೆ ಒಂದು ಸಣ್ಣ ತೊಡಕಾಯಿತು. ಪೈಪಿನ ತಿರುಪು ಬಿಗಿ ಮಾಡುವಾಗ ಎರಡು ಸ್ಪ್ಯಾನರು ಬೇಕು: ಒಂದರಲ್ಲಿ ತಿರುಗಿಸುವುದು, ಇನ್ನೊಂದರಲ್ಲಿ ಹಳೆಯ ಪೈಪು ಅಲುಗದಂತೆ ಹಿಡಿಯುವುದು. ಬೀರು ಅಡ್ಡ ಬಂದು ಎರಡನೆಯದು ಕೂರಲಿಲ್ಲ. ಬೀರು ಸರಿಸಬೇಕೆಂದರೆ ಅದರೊಳಗಿನ ಪಾತ್ರೆ ಪಗಡೆಯನ್ನೆಲ್ಲ ಇಳಿಸಬೇಕು. ಮೇಸ್ತ್ರಿ ಎಡಗೈಯಿಂದ ಪೈಪನ್ನು ಒತ್ತಿ ಹಿಡಿದು, ಒಂದೇ ಸ್ಪ್ಯಾನರಿನಲ್ಲಿ ಗಟ್ಟಿಯಾಗಿ ತಿರುವಿದ. ಕೂತಿತು. ಅಷ್ಟೇ ತಾನೇ ಎಂದುಕೊಂಡು ಮುಂದಿನ ಕೆಲಸಕ್ಕೆ ಎದ್ದ.

ಗೋಡೆ ಕೊರೆದು, ಪೈಪು ಎಳೆದು, ಅಳತೆ ಹಿಡಿದು ಕ್ಲ್ಯಾಂಪು ಹೊಡೆದು ಮುಗಿಸುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಹೊಸ ವಾಲ್ವು ಮುಚ್ಚಿ, ಹಿತ್ತಲಿನ ತುದಿಗೆ ಗೇಜು ಕಟ್ಟಿ, ಗಾಳಿ ತುಂಬಿದ. ಹಿರಿಯಮ್ಮ ಒಂದು ಸ್ಟೂಲು ತಂದು ಹಾಕಿಕೊಂಡು ಗೇಜಿನ ಮುಂದೆ ಕೂತಳು.

"ಈ ಮುಳ್ಳು ಇಳಿದ್ರೆ?"

"ಸೋರ್ತಿದೆ ಅಂತ ಅರ್ಥ."

"ಇಳಿಯದಿದ್ರೆ?"

"ನಾನು ಟೀ ಕುಡೀಬಹುದು ಅಂತ ಅರ್ಥ."

ಇಪ್ಪತ್ತೈದು ನಿಮಿಷ ಮುಳ್ಳು ಮಿಸುಕಲಿಲ್ಲ. ಹೊಸ ಜಾಯಿಂಟುಗಳಿಗೆಲ್ಲ ಸೋಪಿನ ನೀರು ಹಚ್ಚಿದ, ಒಂದು ಗುಳ್ಳೆಯೂ ಏಳಲಿಲ್ಲ. ಗ್ರಿಲ್ಲಿಗೆ ಗ್ಯಾಸು ಬಿಟ್ಟು ಹಚ್ಚಿದ. ನಾಲ್ಕೂ ಬರ್ನರು ಒಟ್ಟಿಗೆ ನೀಲಿ ಬೆಂಕಿ ಉಟ್ಟು ನಿಂತವು. ದೊಡ್ಡ ಮಗ ಚಪ್ಪಾಳೆ ತಟ್ಟಿದ. ಹೊಸ ಗ್ರಿಲ್ಲನ್ನು ಅರ್ಧ ಗಂಟೆ ಖಾಲಿ ಉರಿಸಬೇಕು, ಕಾರ್ಖಾನೆಯಲ್ಲಿ ಬಳಿದ ಎಣ್ಣೆ ಸುಟ್ಟು ಹೋಗುತ್ತದೆ, ಒಂದಿಷ್ಟು ಕಮಟು ಬರುತ್ತದೆ, ಹೆದರಬೇಡಿ ಎಂದು ಮೇಸ್ತ್ರಿ ವಿವರಿಸಿದ. ಕಮಟು ಬಂದೇ ಬಂತೆಂದು ಅವನಿಗೆ ತಿಳಿದದ್ದು ದೊಡ್ಡ ಮಗ ಮುಖ ಕಿವಿಚಿದ್ದರಿಂದ.

"ಸರಿ," ಎಂದು ಹಿರಿಯಮ್ಮ ಎದ್ದಳು. "ನಿಮ್ಮ ಸುತ್ತು ಆಗ್ಲಿ."

ಮೇಸ್ತ್ರಿ ಚಪ್ಪಲಿ ಬಿಟ್ಟ. ಕೈ ಬೆನ್ನ ಹಿಂದೆ ಹೋಯಿತು, ಗಲ್ಲ ಮೇಲೆ ಬಂತು. ಹಜಾರ, ಮೆಟ್ಟಿಲು, ಬಚ್ಚಲು. ನಡುನಡುವೆ ನಿಂತು ಉದ್ದಕ್ಕೆ ಉಸಿರೆಳೆದುಕೊಂಡ. ನಾಟಕ ಚೆನ್ನಾಗಿಯೇ ಸಾಗಿತ್ತು. ಅಡುಗೆಮನೆಯ ಬಾಗಿಲಿಗೆ ಬಂದು ತಿರುಗಿ, ಇನ್ನೇನು ಎರಡು ಮಾತು ಹೇಳಬೇಕು, ಅಷ್ಟರಲ್ಲಿ ಹಿಂದಿನಿಂದ ಕಿರಿಯ ಸೊಸೆಯ ದನಿ ಬಂತು.

"ಮೇಸ್ತ್ರಿ, ಇಲ್ಲಿ ಗ್ಯಾಸ್ ವಾಸನೆ ಬರ್ತಿದೆ."

ದೊಡ್ಡ ಮಗ ಗೊಳ್ಳೆಂದು ನಕ್ಕ. "ಅದು ಹಿತ್ತಲಲ್ಲಿ ಎಣ್ಣೆ ಸುಡ್ತಿರೋದಮ್ಮಾ. ನನಗೂ ಬರ್ತಿದೆ."

"ಅದು ಬೇರೆ ಭಾವ. ಅದೂ ಬರ್ತಿದೆ. ಇದು ಬೇರೆ."

"ಶುರುವಾಯ್ತು ನೋಡಿ," ಎಂದಳು ಹಿರಿಯಮ್ಮ. "ಮೊನ್ನೆ ಕನ್ನಡಿ, ಇವತ್ತು ಗ್ಯಾಸು. ಮೇಸ್ತ್ರಿ, ನೀವೇ ಹೇಳ್ಬಿಡಿ. ನಿಮ್ಮ ಬಾಯಲ್ಲಿ ಬಂದ್ರೆ ಅವಳಿಗೂ ಸಮಾಧಾನ ಆಗುತ್ತೆ."

ಮೂರು ಜೋಡಿ ಕಣ್ಣು ಅವನ ಮೇಲೆ ನೆಟ್ಟವು. ಮೇಸ್ತ್ರಿ ಈ ಸಲ ನಿಜವಾಗಿಯೇ ಮೂಸಿದ. ಬಲವಾಗಿ, ಎದೆ ತುಂಬ. ಏನೂ ಇಲ್ಲ. ಗಾಳಿ ತಣ್ಣಗೆ ಒಳಗೆ ಹೋಯಿತು, ಬೆಚ್ಚಗೆ ಹೊರಗೆ ಬಂತು, ಅಷ್ಟೇ. "ಮನೆ ಚೊಕ್ಕ" ಎಂದುಬಿಟ್ಟರೆ ಕೆಲಸ ಮುಗಿಯಿತು. ಗೇಜು ಅವನ ಕಡೆಗಿತ್ತು, ಸೋಪು ಅವನ ಕಡೆಗಿತ್ತು, ಇಪ್ಪತ್ತಾರು ವರ್ಷದ ಹೆಸರು ಅವನ ಕಡೆಗಿತ್ತು. ಸೊಸೆ ಕರವಸ್ತ್ರ ಕೆಳಗಿಳಿಸಿ ಅವನನ್ನೇ ನೋಡುತ್ತಿದ್ದಳು. ತನ್ನ ಮಾತನ್ನು ಇವನೂ ನಂಬುವುದಿಲ್ಲವೆಂದು ಆಗಲೇ ತೀರ್ಮಾನಿಸಿಕೊಂಡ ಮುಖ ಅದು.

ಆಗ ಅವನ ಎಡಗೈಗೆ ನೆನಪಾಯಿತು, ಬೀರುವಿನ ಮಗ್ಗುಲಲ್ಲಿ ಪೈಪು ಒತ್ತಿ ಹಿಡಿದದ್ದು. ಒಂದೇ ಸ್ಪ್ಯಾನರು. ತಿರುಪು ತಿರುವಿದಾಗ ಪೈಪು ಅಲುಗಿದ್ದರೆ ಅದರ ಆಚೆಯ ಹಳೆಯ ಜಾಯಿಂಟು ಸಡಿಲಾಗಿರುತ್ತದೆ. ಆ ಜಾಯಿಂಟಿಗೆ ಗೇಜು ಹಾಕಿಲ್ಲ. ಸೋಪು ಹಚ್ಚಿಲ್ಲ. ಗೇಜು ನೋಡಿದ್ದು ಹೊಸ ಪೈಪನ್ನು ಮಾತ್ರ. ಹಳೆಯ ಪೈಪನ್ನು ಅವನು ಯಾವತ್ತೂ, ಯಾವ ಮನೆಯಲ್ಲೂ ಗೇಜು ಹಾಕಿ ನೋಡಿದವನಲ್ಲ. ಯಾಕೆ ನೋಡಬೇಕು, ಕೊನೆಯ ಸುತ್ತಿನಲ್ಲಿ ಮೂಗೇ ಹೇಳುತ್ತಿತ್ತಲ್ಲ! ಮೂಗು ಹೋದ ಮೇಲೆ ಮೂಗಿನ ಕೆಲಸ ಯಾರಿಗೆ ಬಂತೆಂದು ಈ ನಾಲ್ಕು ತಿಂಗಳಲ್ಲಿ ಒಂದು ದಿನವೂ ಅವನು ಕೇಳಿಕೊಂಡಿರಲಿಲ್ಲ.

"ಯಾರೂ ಸ್ವಿಚ್ ಮುಟ್ಬೇಡಿ," ಎಂದ. ದನಿ ಅಲುಗಲಿಲ್ಲ, ಅದೊಂದು ಪುಣ್ಯ. "ಕಿಟಕಿ ತೆಗೀರಿ. ಎಲ್ಲ ಹಿತ್ತಲಿಗೆ ನಡೀರಿ. ತಾಯಿ, ನೀನು ಮೊದಲು," ಎಂದು ಸೊಸೆಗೆ ಹೇಳಿದ.

ಬರಿಗಾಲಲ್ಲೇ ಓಡಿ ಮೀಟರಿನ ವಾಲ್ವು ಮುಚ್ಚಿದ. ಹಿತ್ತಲಿನಲ್ಲಿ ಗ್ರಿಲ್ಲಿನ ನಾಲ್ಕೂ ಬೆಂಕಿ ಕುಗ್ಗಿ, ಒಂದೊಂದಾಗಿ ಆರಿಹೋದವು. ದೊಡ್ಡ ಮಗನ ಮುಖವೂ ಅದರ ಜೊತೆಗೇ ಆರಿತು.

"ಏನಾಯ್ತು ಮೇಸ್ತ್ರಿ?" ಹಿರಿಯಮ್ಮ ಸೊಸೆಯ ಕೈ ಹಿಡಿದು ನಿಂತಿದ್ದಳು. ಮುಖ ಬಿಳಿಚಿತ್ತು. "ನಿಮಗೂ ವಾಸನೆ ಬಂತಾ?"

ಅಯ್ಯೋ, ಎಂಥ ಪ್ರಶ್ನೆ! ಬಂತು ಎಂದರೆ ಮುಗಿದೇಹೋಯಿತು. ಸಾಲದ್ದಕ್ಕೆ ಹೆಸರು ಇನ್ನೂ ದೊಡ್ಡದಾಗುತ್ತದೆ. ಗೇಜಿಗೆ ಸಿಗದ್ದನ್ನು ಮೂಗಿನಲ್ಲಿ ಹಿಡಿದನಂತೆ ಎಂದು ನಾಳೆ ಇಪ್ಪತ್ತು ಜನ ಊಟದ ಜೊತೆ ಮಾತಾಡಿಕೊಳ್ಳುತ್ತಾರೆ. ಮೇಸ್ತ್ರಿ ಬಾಯಿ ತೆರೆದ. ಸೊಸೆ ನೋಡುತ್ತಲೇ ಇದ್ದಳು. ಆ ಮಾತು ಅವಳದು. ಅದನ್ನು ಕದ್ದರೆ ನಾಳೆಯಿಂದ ಮತ್ತೆ ಅವಳು ಕನ್ನಡಿ ವಾಸನೆಯ ಹುಡುಗಿಯೇ.

"ಇಲ್ಲಮ್ಮ. ನನಗೆ ಬಂದಿಲ್ಲ. ನಿಮ್ಮ ಸೊಸೆಗೆ ಬಂದಿದ್ದು."

"ಮತ್ತೆ ನೀವು?"

"ನನಗೆ ನಾಲ್ಕು ತಿಂಗಳಿಂದ ಯಾವ ವಾಸನೆಯೂ ಬರಲ್ಲ. ಜ್ವರದಲ್ಲಿ ಹೋಯ್ತು. ಯಾರಿಗೂ ಹೇಳಿರ್ಲಿಲ್ಲ."

ದೊಡ್ಡ ಮಗನಿಗೆ ಮೊದಲು ಬಾಯಿ ಬಂತು. "ಹಾಗಾದ್ರೆ ಈಗ ಕೈ ಕಟ್ಕೊಂಡು ಮನೆ ತುಂಬ ಓಡಾಡಿದ್ದು?"

"ನಾಟಕ."

"ನಾಟಕಾನಾ! ಅಮ್ಮಾ, ಕೇಳಿಸ್ಕೊಂಡ್ಯಾ? ಬಸುರಿ ಹೆಂಗಸು ಇರೋ ಮನೆ ಇದು!"

"ಬೈಯಿರಿ, ನಾನು ಬೈಸ್ಕೊಳ್ಳೋ ಕೆಲಸಾನೇ ಮಾಡಿದ್ದು," ಎಂದ ಮೇಸ್ತ್ರಿ. "ಅಲ್ಲಿ ಸೋರ್ತಿದ್ರೆ ಅದೂ ನನ್ನ ಕೈಯಿಂದಾನೇ ಆಗಿದ್ದು. ಎರಡು ಸ್ಪ್ಯಾನರ್ ಹಿಡೀಬೇಕಾದ ಕಡೆ ಒಂದು ಹಿಡಿದೆ. ಬೇರೆಯವರನ್ನ ಕರೆಸ್ತೀನಿ ಅಂದ್ರೆ ಇಲ್ಲೇ ಕೂತು ಕಾಯ್ತೀನಿ. ಇಲ್ಲ, ನಾನೇ ಸರಿಮಾಡ್ಲಿ ಅಂದ್ರೆ ಮಾಡ್ತೀನಿ. ಮಾಡೋಕೆ ನನ್ನ ಕೈ ಇದೆ, ಮೂಗು ಮಾತ್ರ ಇಲ್ಲ."

ಹಿರಿಯಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬರಿಗಾಲು, ಸುಣ್ಣ ಮೆತ್ತಿದ ಮೊಣಕೈ, ಬೆವರು.

"ಮೊದಲು ಸರಿ ಮಾಡಿ," ಎಂದಳು. "ಆಮೇಲೆ ಬೈತೀನಿ. ಪುರುಸೊತ್ತಾಗಿ ಬೈಬೇಕು ನಿಮಗೆ."

ಮನೆಯೊಳಗೆ ಗಾಳಿ ಚೆನ್ನಾಗಿ ಆಡಲೆಂದು ಅರ್ಧ ಗಂಟೆ ಕಾದರು. ಆಮೇಲೆ ಮೇಸ್ತ್ರಿ ತನ್ನ ಇಪ್ಪತ್ತಾರು ವರ್ಷದಲ್ಲಿ ಮಾಡದ ಕೆಲಸ ಮಾಡಿದ: ಹಳೆಯ ಪೈಪಿಗೆ ಗೇಜು ಕಟ್ಟಿದ. ಗಾಳಿ ತುಂಬಿ ಕೈ ತೆಗೆದ. ಮೂರು ನಿಮಿಷ ಮುಳ್ಳು ಸುಮ್ಮನಿತ್ತು. ಆಮೇಲೆ ಮೆಲ್ಲಗೆ, ಯಾರೂ ನೋಡುತ್ತಿಲ್ಲ ಎನ್ನುವ ಹಾಗೆ, ಒಂದು ಗೆರೆ ಕೆಳಗಿಳಿಯಿತು. ಸ್ಟೂಲಿನ ಮೇಲಿದ್ದ ಹಿರಿಯಮ್ಮ ಅದನ್ನು ಮೊದಲು ಕಂಡಳು.

"ಇಳೀತು!"

"ಇಳೀತು. ನಿಮ್ಮ ಸೊಸೆ ಹೇಳಿದ್ದು ಸರಿ."

ಹಿರಿಯಮ್ಮ ಸೊಸೆಯ ಕಡೆ ತಿರುಗಿದಳು. ಅವಳ ಭುಜದ ಮೇಲಿದ್ದ ನೂಲೆಳೆಯೊಂದನ್ನು ಕಿತ್ತು ಹಾಕಿದಳು.

"ತಾಯಿ, ಇನ್ನೊಂದು ಉಪಕಾರ ಮಾಡು," ಎಂದ ಮೇಸ್ತ್ರಿ ಹಿತ್ತಲಿನ ನೆರಳಲ್ಲಿ ಕೂತಿದ್ದವಳಿಗೆ. "ಒಳಗೆ ಬರೋದು ಬೇಡ. ಅಲ್ಲೇ ಕೂತು ನೆನಪು ಮಾಡ್ಕೊಂಡು ಹೇಳು. ವಾಸನೆ ಎಲ್ಲಿ ಜಾಸ್ತಿ ಇತ್ತು?"

ಸೊಸೆ ಕಣ್ಣು ಮುಚ್ಚಿದಳು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಅವಳ ಮೂಗನ್ನು ಯಾರಾದರೂ ಏನಾದರೂ ಕೇಳಿದ್ದರೆ ಅದು ಇದೇ ಮೊದಲು. "ಬೀರು ಹತ್ರ. ಎಡಗಡೆ. ಕೆಳಗಲ್ಲ, ಮೇಲೆ. ನನ್ನ ತಲೆಗಿಂತ ಸ್ವಲ್ಪ ಮೇಲೆ. ಒಲೆ ಹತ್ರ ಇರ್ಲೇ ಇಲ್ಲ."

"ಈ ಪೈಪಿನ ಗ್ಯಾಸ್ ಮೇಲಕ್ಕೇ ಏರೋದು, ಸಿಲಿಂಡರಿನದರ ಹಾಗೆ ಕೆಳಗಿಳಿಯಲ್ಲ. ಹಾಗಾದ್ರೆ ಎಡಗಡೆ ಮೂಲೆಯಲ್ಲಿ ಪೈಪು ತಿರುಗೋ ಜಾಯಿಂಟೇ. ಬನ್ನಿ ಸ್ವಾಮಿ, ಕೈ ಹಾಕಿ," ಎಂದು ಮೇಸ್ತ್ರಿ ದೊಡ್ಡ ಮಗನನ್ನು ಕರೆದ. ದೊಡ್ಡ ಮಗ ಇನ್ನೂ ಉರಿಯುತ್ತಿದ್ದ, ಆದರೆ ಬಂದ. ಪಾತ್ರೆಗಳನ್ನೆಲ್ಲ ಇಳಿಸಿ ಇಬ್ಬರೂ ಸೇರಿ ಬೀರು ಎಳೆದರು. ಹಿಂದೆ ವರ್ಷಗಳ ಧೂಳು, ಕಳೆದುಹೋಗಿದ್ದ ಎರಡು ಚಮಚ, ಮತ್ತು ಪೈಪಿನ ಹಳೆಯ ತಿರುವು. ಬ್ರಷ್ಷಿನಲ್ಲಿ ಸೋಪಿನ ನೀರು ಹಚ್ಚಿದ. ಸಾಸಿವೆಯಷ್ಟು ಒಂದು ಗುಳ್ಳೆ ಎದ್ದಿತು. ಕಡಲೆಯಷ್ಟಾಯಿತು. ನಿಂಬೆಯಷ್ಟಾಗಿ ಒಡೆಯಿತು.

ದೊಡ್ಡ ಮಗ ಮೂಗಿನ ಮೇಲೆ ಬೆರಳಿಟ್ಟುಕೊಂಡ. "ಇಷ್ಟು ಸಣ್ಣದು ಅವಳಿಗೆ ಗೊತ್ತಾಯ್ತಾ?"

"ಒಂದು ಕಾಲದಲ್ಲಿ ನನಗೂ ಗೊತ್ತಾಗ್ತಿತ್ತು," ಎಂದ ಮೇಸ್ತ್ರಿ. ಸ್ಪ್ಯಾನರು ತರುವ ನೆವದಲ್ಲಿ ಬೆನ್ನು ತಿರುಗಿಸಿದ.

ಈ ಸಲ ಎರಡು ಸ್ಪ್ಯಾನರು. ಜಾಯಿಂಟು ಬಿಚ್ಚಿ, ಹಳೆಯ ಅಂಟನ್ನೆಲ್ಲ ಕೆರೆದು, ಹೊಸದು ಹಚ್ಚಿ ಬಿಗಿದ. ಮತ್ತೆ ಗೇಜು. ಹಳೆಯದು, ಹೊಸದು, ಮೀಟರಿನಿಂದ ಗ್ರಿಲ್ಲಿನವರೆಗೆ ಇಡೀ ಸಾಲು ಒಟ್ಟಿಗೆ. ನಲವತ್ತು ನಿಮಿಷ. ಆ ನಲವತ್ತು ನಿಮಿಷದಲ್ಲಿ ಹಿರಿಯಮ್ಮ ಹೇಳಿದ ಹಾಗೇ ಬೈದಳು. ಗೇಜಿನ ಮೇಲಿನ ಕಣ್ಣು ಕೀಳದೆ, ದನಿ ಏರಿಸದೆ, ನಾಚಿಕೆ ಆಗ್ಬೇಕು ನಿಮಗೆ ಎನ್ನುವಲ್ಲಿಂದ ಹಿಡಿದು, ನಿಮ್ಮ ಹೆಂಡತಿ ಆದ್ರೂ ಬುದ್ಧಿ ಹೇಳ್ಬಾರ್ದಾ ಎನ್ನುವವರೆಗೆ. ದಿನಾ ಹೇಳ್ತಾಳಮ್ಮ ಎಂದು ಮೇಸ್ತ್ರಿ ತಲೆ ತಗ್ಗಿಸಿ ಒಪ್ಪಿಕೊಂಡ. ನಡುವೆ ಆಕೆಯ ಫೋನು ರಿಂಗಾಯಿತು. ಆಕೆಯ ತಂಗಿ. ಮೇಸ್ತ್ರಿಗೆ ಒಂದು ಕಡೆಯ ಮಾತಷ್ಟೇ ಕೇಳುತ್ತಿತ್ತು, ಆದರೆ ಅದೇ ಸಾಕಾಗಿತ್ತು.

"ಹೂಂ, ಬಂದಿದ್ದಾರೆ... ಕೇಳಿದ್ಯೇನೇ, ಮೂಗು ಮೇಸ್ತ್ರಿಗೆ ಮೂಗೇ ಇಲ್ವಂತೆ!... ಹೂಂ ಕಣೇ, ನಾಲ್ಕು ತಿಂಗಳಾಯ್ತಂತೆ..."

ಮುಗಿಯಿತು ಎಂದುಕೊಂಡ ಮೇಸ್ತ್ರಿ. ಈ ತಂಗಿಯಿಂದ ಇನ್ನೊಬ್ಬರಿಗೆ, ಅವರಿಂದ ಇನ್ನೊಂದು ಬೀದಿಗೆ. ಸೋಮವಾರದ ಹೊತ್ತಿಗೆ ಊರೆಲ್ಲ ಗೊತ್ತಾಗಿರುತ್ತದೆ. ಆಶ್ಚರ್ಯವೆಂದರೆ ಇನ್ನು ನಾಟಕ ಆಡಬೇಕಿಲ್ಲವೆಂದು ಮನಸ್ಸು ಹಗುರವೇ ಆಗಿತ್ತು.

"...ಅಯ್ಯೋ, ಪೂರ್ತಿ ಕೇಳೇ ಮೊದಲು! ನಮ್ಮ ಕಿರಿ ಸೊಸೆ ಹಿಡಿದ್ಲು... ಹೂಂ, ಅವಳೇ, ಕನ್ನಡಿಯವಳೇ... ತಪ್ಪು ನಂದೇ ಅಂದ್ರು ಕಣೇ, ಬಾಯಿ ಬಿಟ್ಟು. ಇಷ್ಟು ವರ್ಷದಲ್ಲಿ ಯಾವ ಕೆಲಸದವನ ಬಾಯಲ್ಲಿ ಆ ಮಾತು ಕೇಳಿದ್ದೀಯ ಹೇಳು?... ನಿನ್ನ ಮನೆ ಹಳೇ ಪೈಪು ನೋಡಿಸ್ಬೇಕು ಅಂತಿದ್ಯಲ್ಲ. ಮಂಗಳವಾರ ಕಳಿಸ್ತೀನಿ. ಎರಡು ಸ್ಪ್ಯಾನರ್ ತರ್ತಾರಾ ನೋಡ್ಕೋ."

ಫೋನು ಮಡಿಲಲ್ಲಿಟ್ಟುಕೊಂಡು ಆಕೆ ಮತ್ತೆ ಗೇಜಿನ ಕಡೆ ನೋಡತೊಡಗಿದಳು. ಮಂಗಳವಾರದ ಕೆಲಸ ಮುಗಿಸಿಕೊಂಡು ಆ ಮೂವತ್ತೊಂದು ಮನೆಗಳಿಗೂ ಹೋಗಿ ಹಳೆಯ ಪೈಪಿಗೆ ಗೇಜು ಹಾಕಬೇಕು ಎಂದು ಮೇಸ್ತ್ರಿ ಅಲ್ಲೇ ಕೂತು ನಿಶ್ಚಯ ಮಾಡಿದ. ಮನೆ ಮನೆಗೆ ಹೋಗಿ, ಮೂಗಿಲ್ಲವೆಂದು ಹೇಳಿಯೇ.

ನಲವತ್ತು ನಿಮಿಷ ಕಳೆಯಿತು. ಮುಳ್ಳು ಇದ್ದಲ್ಲೇ ಇತ್ತು. ಗ್ಯಾಸು ಬಿಟ್ಟು ಮತ್ತೊಂದು ಸಲ ಎಲ್ಲ ಜಾಯಿಂಟಿಗೂ ಸೋಪು ಹಚ್ಚಿ ನೋಡಿದ. ಹಿರಿಯಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಿಗಿದು ನಿಂತಳು.

"ಈಗ ಮಾತು ಹೇಳಿ."

"ನನ್ನ ಮೂಗು..."

"ನಿಮ್ಮ ಮೂಗನ್ನ ಯಾರು ಕೇಳಿದ್ರು? ಮಾತು ಕೇಳ್ತಿದ್ದೀನಿ."

ಕಿರಿಯ ಸೊಸೆ ಬಾಗಿಲವರೆಗೆ ಬಂದು ಒಳಗೆ ಹೆಜ್ಜೆಯಿಟ್ಟಳು. ಯಾರೂ ಹೇಳಿಕೊಡಲಿಲ್ಲ, ತಾನೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಗಲ್ಲ ಮೇಲೆತ್ತಿ ಅಡುಗೆಮನೆ, ಹಜಾರ, ಮೆಟ್ಟಿಲ ಕೆಳಗಿನ ಮೂಲೆ ಎಲ್ಲ ಸುತ್ತಿ ಬಂದಳು. ಬೀರುವಿನ ಎಡಗಡೆ ಎರಡು ಸಲ ನಿಂತಳು. ದೊಡ್ಡ ಮಗ ನಗಲಿಲ್ಲ. ವಾಪಸು ಬಂದು ಮೇಸ್ತ್ರಿಯ ಕಣ್ಣಿಗೆ ಕಣ್ಣಿಟ್ಟು ಒಂದು ಸಲ ತಲೆಯಾಡಿಸಿದಳು.

"ಮನೆ ಚೊಕ್ಕ," ಎಂದ ಮೇಸ್ತ್ರಿ. ಸಾವಿರ ಸಲ ಹೇಳಿದ್ದ ಮಾತು. ಇನ್ನೊಬ್ಬರನ್ನು ನಂಬಿ ಹೇಳಿದ್ದು ಅದೇ ಮೊದಲು.

ಗ್ರಿಲ್ಲನ್ನು ಹಿರಿಯಮ್ಮನೇ ಹಚ್ಚಿದಳು. ಆ ಕೆಲಸವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಉಳಿದಿದ್ದ ಎಣ್ಣೆಯ ಕಮಟು ಪೂರ್ತಿ ಹೋಯಿತೆಂದು ಸೊಸೆ ಅಪ್ಪಣೆ ಕೊಟ್ಟ ಮೇಲೆ ದೊಡ್ಡ ಮಗ ನಾಳೆಗೆಂದು ತಂದಿಟ್ಟಿದ್ದರಲ್ಲಿ ನಾಲ್ಕು ಜೋಳದ ತೆನೆ ತೆಗೆದು ಮೇಲಿಟ್ಟ. ಮೇಸ್ತ್ರಿ ಸಾಮಾನು ಜೋಡಿಸಿಕೊಂಡು, ಹೊತ್ತು ಮೀರಿದ ತನ್ನ ಊಟಕ್ಕೆಂದು ಹಿತ್ತಲಿನ ಮೆಟ್ಟಿಲ ಮೇಲೆ ಕೂತು ಡಬ್ಬಿಯ ಮುಚ್ಚಳ ತೆಗೆದ.

"ಮೇಸ್ತ್ರಿ, ತಿನ್ಬೇಡಿ!" ಸೊಸೆ ಹತ್ತು ಹೆಜ್ಜೆ ದೂರದಿಂದ ಕೂಗಿದಳು. "ಹಳಸಿದೆ ಅದು. ಬಿಸಿಲಲ್ಲಿ ಸ್ಕೂಟರ್ ಮೇಲೆ ಇಟ್ಟಿದ್ರಾ?"

"ಇಟ್ಟಿದ್ದೆ," ಎಂದು ಮೇಸ್ತ್ರಿ ಮುಚ್ಚಳ ಹಾಕಿದ. ದೊಡ್ಡ ಮಗ ಬಿಸಿ ಬಿಸಿ ತೆನೆಯೊಂದನ್ನು ಕಾಗದದಲ್ಲಿ ಸುತ್ತಿ ತಂದು ಅವನ ಕೈಗಿಟ್ಟ.

"ಹೇಗಿದೆ?" ಎಂದಳು ಹಿರಿಯಮ್ಮ.

ನಾಲ್ಕು ತಿಂಗಳಿಂದ ಹೆಂಡತಿ ಇದೇ ಮಾತು ಕೇಳುತ್ತಿದ್ದಳು, ಅವನು ಚೆನ್ನಾಗಿದೆ ಎನ್ನುತ್ತಿದ್ದ. ಅದು ಸುಳ್ಳೆಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

"ಬಿಸಿ ಇರೋದು ಗೊತ್ತಾಗ್ತಿದೆ. ಉಪ್ಪು ಗೊತ್ತಾಗ್ತಿದೆ," ಎಂದ ಮೇಸ್ತ್ರಿ. "ಬಾಕಿಯದು ನೀವೇ ಹೇಳ್ಬೇಕು."

ಸೊಸೆ ಬಂದು ಒಂದು ಮೆಟ್ಟಿಲು ಕೆಳಗೆ ಕೂತಳು. ಕರವಸ್ತ್ರ ಪಕ್ಕಕ್ಕಿಟ್ಟು ಕಣ್ಣು ಮುಚ್ಚಿ ಉಸಿರೆಳೆದಳು.

"ಮೊದಲು ಸಿಪ್ಪೆ ಸುಟ್ಟ ವಾಸನೆ," ಎಂದಳು. "ಅದರ ಹಿಂದೆ ಹಾಲಿನ ಥರ ಒಂದು ಸಿಹಿ ಇದೆ. ಅಂಚು ಕಪ್ಪಗಾಗಿದೆಯಲ್ಲ, ಅಲ್ಲಿ ಸ್ವಲ್ಪ ಹೊಗೆ."

ಮೇಸ್ತ್ರಿ ಅವಳು ಹೇಳಿದ ಕಡೆ ಕಚ್ಚಿದ. ಅವಳು ಹೇಳುತ್ತಾ ಹೋದಳು, ಅವನು ತಿನ್ನುತ್ತಾ ಹೋದ, ತೆನೆ ಖಾಲಿಯಾಗುವವರೆಗೆ.